ಪಂಕಜಮ್ಮನವರ ದೊಡ್ಡ ಫೋನು

ಅಂಗಡಿಗೆ ಬಂದ ಗಿರಾಕಿಯನ್ನು ನಾನು ಮೊದಲು ಚಪ್ಪಲಿಯಿಂದ ಅಳೆಯುತ್ತೇನೆ. ಆಮೇಲೆ ಕೈಚೀಲ, ಆಮೇಲೆ ಕೈಯಲ್ಲಿರುವ ಹಳೇ ಫೋನು. ಮುಖಕ್ಕೆ ಬರುವುದು ಕಟ್ಟಕಡೆಗೆ. ಮುಖವನ್ನು ಎಲ್ಲರೂ ತೊಳೆದುಕೊಂಡೇ ಬಂದಿರುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಆ ಲೆಕ್ಕದಲ್ಲಿ ಪಂಕಜಮ್ಮನವರು ಹೀಗಿದ್ದರು. ಚಪ್ಪಲಿಗೆ ಹೊಲಿಗೆ ಹಾಕಿಸಿ, ಆ ಹೊಲಿಗೆ ಬಿಟ್ಟ ಮೇಲೆ ಇನ್ನೊಂದು ಹೊಲಿಗೆ ಹಾಕಿಸಿತ್ತು. ತುಂಬಾ ಓಡಾಡುವವರು, ಯಾವುದನ್ನೂ ಬೇಗ ಬಿಸಾಡದವರು ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಕೈಚೀಲ ಯಾವುದೋ ಮದುವೆಯಲ್ಲಿ ತಾಂಬೂಲ ಹಾಕಿಕೊಟ್ಟದ್ದು, ಅದರ ಮೇಲೆ ಯಾರದೋ ವಧೂವರರ ಹೆಸರು. ಸೀರೆಗೆ ಗಂಜಿ. ಹಳೇ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿ, ಅದರ ಮೇಲೆ ಅಂಟುಪಟ್ಟಿ. ಒಟ್ಟು ಅಂದಾಜು ಕಟ್ಟಿದೆ: ಚೌಕಾಸಿಯವರು, ಅರ್ಧ ದಿನ ತಿನ್ನುವವರು, ಕೊನೆಗೆ ಇದ್ದುದರಲ್ಲಿ ಚಿಕ್ಕ ಫೋನು ಹಿಡಿದು ಹೋಗುವವರು. ಮೊದಲ ಎರಡು ಸರಿಯಾಯಿತು.

"ಇರೋದ್ರಲ್ಲಿ ದೊಡ್ಡದು ಯಾವ್ದಪ್ಪ?" ಎಂದು ಕೇಳಿದರು. "ಸೋಫಾ ಮೇಲೆ ಮೂರು ಜನ ಕೂತ್ಕೊಂಡ್ರೆ ಮೂರು ಜನಕ್ಕೂ ಕಾಣ್ಬೇಕು. ಮನೇಲಿರೋ ಅಜ್ಜಿಗೆ ಕನ್ನಡಕ ಇಲ್ದೇನೂ ಕಾಣ್ಬೇಕು."

ಒಂಟಿಕೊಪ್ಪಲಿನಲ್ಲಿ ನನ್ನದು ಹಳೇ ಮೊಬೈಲುಗಳ ಅಂಗಡಿ. ಟಿವಿ ಬೇಕಾದರೆ ಮುಂದಿನ ರಸ್ತೆಗೆ ಹೋಗಬೇಕು ಎಂದೆ. ಅವರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ತಮ್ಮ ಕಸುಬು ಹೇಳಿದರು. ಹೆಣ್ಣು ಗಂಡು ಜೋಡಿಸುವುದು. ಬ್ರೋಕರ್ ಎಂದರೆ ಅವರಿಗೆ ಆಗುವುದಿಲ್ಲ. "ಸಂಬಂಧ ಹೇಳೋರು" ಅನ್ನಬೇಕು.

ಅವರ ಪದ್ಧತಿ ಬೇರೆಯೇ. ಯಾರ ಫೋಟೋವನ್ನೂ ಯಾರಿಗೂ ಕಳಿಸುವುದಿಲ್ಲ. ಎಷ್ಟು ದೂರವಾದರೂ ತಾವೇ ಹೋಗಿ, ಕೂತು, ಫೋನನ್ನು ಗಂಡಿನ ಮನೆಯವರ ಕೈಗೆ ಕೊಟ್ಟು ತೋರಿಸಿ, ವಾಪಸ್ ಇಸಿದುಕೊಂಡು ಬರುತ್ತಾರೆ. ಕಳಿಸಿಬಿಟ್ಟರೆ ಫೋಟೋ ಊರೆಲ್ಲ ಓಡಾಡುತ್ತದೆ, ಹುಡುಗಿ ಮಾತ್ರ ಮನೆಯಲ್ಲೇ ಉಳಿಯುತ್ತಾಳೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಸ್ವಲ್ಪ ಮುಂದೆ ಬಾಗಿ ಹೇಳಿದರು. ಆ ಮನೆಯವರು ಫೋಟೋ ನೋಡುತ್ತಿರುವಾಗ ಇವರು ಅವರನ್ನು ನೋಡಬೇಕಂತೆ. ಯಾರು ಮೊದಲು ಕೈ ಚಾಚಿದರು, ಯಾರು ಎಷ್ಟು ಹೊತ್ತು ಹಿಡಿದುಕೊಂಡರು, ಯಾರು ನೋಡದೆಯೇ ಚೆನ್ನಾಗಿದ್ದಾಳೆ ಅಂದರು, ಇದೆಲ್ಲ ಅವರಿಗೆ ಜಾತಕಕ್ಕಿಂತ ಹೆಚ್ಚು. ಹುಡುಗಿಯ ಫೋಟೋವನ್ನೂ ತಾವೇ ತೆಗೆಯುತ್ತಾರೆ. ಬೆಳಗಿನ ಬೆಳಕಿನಲ್ಲಿ, ಮನೆಯ ಬಾಗಿಲ ಮುಂದೆ, ಪೌಡರ್ ಇಲ್ಲದೆ.

"ಪಂಕಜಮ್ಮನ ಫೋಟೋ ನೋಡಿ ಹೆಣ್ಣು ನೋಡೋಕ್ ಬಂದೋರು ಇವತ್ತಿನವರೆಗೂ ಬಾಗಿಲಲ್ಲಿ ಮುಖ ಸಣ್ಣ ಮಾಡ್ಕೊಂಡಿಲ್ಲ ಕಣಪ್ಪ" ಎಂದರು. ಒಪ್ಪದೆ ಹೋದವರು ಇದ್ದಾರಂತೆ, ಮೋಸ ಹೋದೆವು ಎಂದವರು ಇಲ್ಲವಂತೆ. ಇದು ಅವರ ಬಂಡವಾಳ. ನನಗೆ ಬಾಡಿಗೆ ಅಂಗಡಿಯಾದರೂ ಇದೆ, ಅವರಿಗೆ ಇದೊಂದೇ.

ಇದ್ದುದರಲ್ಲಿ ದೊಡ್ಡದನ್ನು ತೆಗೆದು ಕೌಂಟರ್ ಮೇಲೆ ಇಟ್ಟೆ. ಅಂಗೈಗಿಂತ ಉದ್ದ, ಹಿಡಿದರೆ ಹೆಬ್ಬೆರಳು ಆಚೆ ದಡ ಮುಟ್ಟುವುದಿಲ್ಲ. ಬೆನ್ನಿನಲ್ಲಿ ಕ್ಯಾಮೆರಾದ ಪಕ್ಕ ಒಂದು ಗೀರು ಇತ್ತು, ಆದ್ದರಿಂದ ಬೆನ್ನು ಕೆಳಗೆ ಮಾಡಿ ಇಟ್ಟಿದ್ದೆ. ಕೇಳಿದರೆ ಹೇಳುವುದು, ಕೇಳದಿದ್ದರೆ ಸುಮ್ಮನಿರುವುದು, ಇದು ನಮ್ಮ ಸಾಲಿನ ಅಂಗಡಿಗಳ ಮರ್ಯಾದೆ. ಪಂಕಜಮ್ಮ ಮುಂಭಾಗ ನೋಡಲೇ ಇಲ್ಲ. ಮೊದಲು ತಿರುಗಿಸಿ ಬೆನ್ನು ನೋಡಿದರು, ಗೀರಿನ ಮೇಲೆ ಉಗುರು ಆಡಿಸಿದರು, ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ವಿಚಾರಣೆ ಶುರುವಾಯಿತು.

"ಯಾರ ಮನೇದು?"

"ಕಾಲೇಜು ಹುಡುಗಂದು ಅಮ್ಮ."

"ಯಾಕ್ ಬಿಟ್ಟ?"

"ಹೊಸದರ ಮೇಲೆ ಆಸೆ."

"ಇದ್ರಲ್ಲೇನೂ ದೋಷ ಇರ್ಲಿಲ್ಲ, ಅವನ ಆಸೆ ಅಷ್ಟೇ?"

"ಅಷ್ಟೇ."

"ಆಪರೇಷನ್ ಏನಾರ ಆಗೈತಾ?"

ಬಿಚ್ಚಿಲ್ಲ, ಗಾಜು ಹುಟ್ಟಿದಾಗಿನದ್ದೇ ಎಂದೆ. ಊಟ ಹೇಗೆ ಎಂದರು. ರಾತ್ರಿ ಒಂದು ಸಲ ಚಾರ್ಜಿಗೆ ಹಾಕಿದರೆ ಮಾರನೇ ಸಂಜೆಯವರೆಗೆ ಮತ್ತೆ ಕೇಳುವುದಿಲ್ಲ ಎಂದೆ. ಮೈ ಬಿಸಿ ಆಗುತ್ತದೆಯೇ ಎಂದು ಕೆನ್ನೆಗೆ ಒತ್ತಿ ನೋಡಿಕೊಂಡರು. ನಾನು ಮದುವೆಯಾಗುವಾಗ ನಮ್ಮ ಮಾವನವರು ಇದರ ಅರ್ಧದಷ್ಟೂ ಕೇಳಿರಲಿಲ್ಲ.

ಆಮೇಲೆ ಫೋನನ್ನು ಹಿಡಿದು ಬೀದಿಗೆ ಇಳಿದರು. ನಮ್ಮ ಅಂಗಡಿ ಮುಂದೆ ಹೂವು ಮಾರುವ ಬೆಟ್ಟಮ್ಮ ಕೂರುತ್ತಾಳೆ. ಬಿಸಿಲಿನಲ್ಲಿ ಅವಳ ಕೈಗೆ ಫೋನು ಕೊಟ್ಟು, ನಾನು ತೆರೆದುಕೊಟ್ಟಿದ್ದ ಯಾವುದೋ ಚಿತ್ರ ತೋರಿಸಿ, ಇವರು ಬೆಟ್ಟಮ್ಮನ ಮುಖವನ್ನೇ ನೋಡುತ್ತಾ ನಿಂತರು. ಬೆಟ್ಟಮ್ಮನ ಹುಬ್ಬು ಮೇಲೆ ಹೋಯಿತು. ವ್ಯಾಪಾರ ಅಲ್ಲಿಗೆ ಕುದುರಿತು. ಇಷ್ಟು ಹೊತ್ತಿನಲ್ಲಿ ಪಂಕಜಮ್ಮ ಒಂದು ಸಲವೂ ಪರದೆಯನ್ನು ತಾವು ನೋಡಿರಲಿಲ್ಲ. ಅದನ್ನು ನಾನು ಕಂಡೆ, ಆದರೆ ಅದರ ಬೆಲೆ ಆಗ ತಿಳಿಯಲಿಲ್ಲ.

ಪರದೆಗೆ ಬೀಗ ಹಾಕಬೇಡ ಎಂದರು. "ಬೀಗ ಹಾಕಿರೋದನ್ನ ಕೈಗೆ ಕೊಟ್ರೆ ಯಾರಪ್ಪ ನೋಡ್ತಾರೆ?" ಹಳೇ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ನಾನೇ ಇದಕ್ಕೆ ಸಾಗಿಸಿಕೊಟ್ಟೆ. ಮೇಲಿನ ಗಾಜಿನ ಹಾಳೆ ಪುಕ್ಕಟೆ ಎಂದು ಅವರೇ ತೀರ್ಮಾನ ಮಾಡಿದರು. ಸೊಂಟದ ಚೀಲಕ್ಕೆ ಫೋನು ಹಿಡಿಸಲಿಲ್ಲ. ಮುಂದಿನ ಸಲ ಬರುವಾಗ ರವಿಕೆ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದು, ದಾರ ಕಟ್ಟಿ, ಕತ್ತಿಗೆ ನೇತುಹಾಕಿಕೊಂಡು ಬಂದರು. ಫೋನು ಲಕ್ಷಣವಾಗಿದೆ ಎಂದು ವರದಿ ಕೊಟ್ಟರು. ಅಜ್ಜಿಯರೆಲ್ಲ ಕನ್ನಡಕ ಹುಡುಕುವುದು ಬಿಟ್ಟಿದ್ದಾರಂತೆ, ಗಂಡಿನ ಕಡೆಯವರು ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದಾರಂತೆ. ನಾನೇ ತಯಾರಿಸಿದವನ ಹಾಗೆ ತಲೆ ಆಡಿಸಿದೆ.

ಆ ಫೋನಿನಲ್ಲಿ ಅವರು ಹೊಸದಾಗಿ ತೆಗೆದ ಮೊದಲ ಮುಖ ಕುಂಬಾರಕೊಪ್ಪಲಿನ ವಾಣಿಯದು. ವಾಣಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಅಮ್ಮ ಇದ್ದಾರೆ, ಮನೆ ಇದೆ, ಬಂದ ಸಂಬಂಧಗಳು ಮಾತ್ರ ಬಾಗಿಲವರೆಗೆ ಬಂದು ತಿರುಗಿದ್ದವು. ದೊಡ್ಡವಳಾದ ಮೇಲೆ ಅವಳಿಗೆ ಸೀತಾಳೆ ಸಿಡುಬು ಬಂದಿತ್ತು. ನಮ್ಮ ಕಡೆ ಅದನ್ನು ಅಮ್ಮ ಎನ್ನುತ್ತೇವೆ. ಅಮ್ಮ ಹೋದರೂ ಎರಡು ಕೆನ್ನೆಯ ಮೇಲೆ, ಹಣೆಯ ಮೇಲೆ ಗುಳಿಗಳು ಉಳಿದಿದ್ದವು. ಪಂಕಜಮ್ಮ ಎಂದಿನಂತೆ ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದರು, ಕುವೆಂಪುನಗರದ ಸುಂದರಮ್ಮನವರ ಮನೆಗೆ ಹೋದರು. ಸುಂದರಮ್ಮನ ಮಗ ಯೋಗೇಂದ್ರನಿಗೆ ಸ್ಕೂಟರ್ ಬಿಡಿಭಾಗಗಳ ಅಂಗಡಿ. ಫೋನು ಕೈಯಿಂದ ಕೈಗೆ ಹೋಯಿತು, ಎಲ್ಲರ ಮುಖ ಅರಳಿತು, ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಎಂದರು. ಪಂಕಜಮ್ಮನವರಿಗೇ ಸ್ವಲ್ಪ ಆಶ್ಚರ್ಯವಾಯಿತಂತೆ. ಕಲೆಯ ಮಾತನ್ನು ಯಾರೂ ಎತ್ತಲಿಲ್ಲವಲ್ಲ, ಎಷ್ಟು ದೊಡ್ಡ ಮನಸ್ಸಿನ ಜನ ಎಂದುಕೊಂಡು ಬಸ್ಸು ಹತ್ತಿದರಂತೆ.

ಮಾರನೇ ಬೆಳಿಗ್ಗೆ ನಾನು ಅಂಗಡಿಯ ಷಟರ್ ಅರ್ಧ ಎತ್ತಿದ್ದೆ. ಉಳಿದರ್ಧದ ಕೆಳಗಿಂದ ಹೊಲಿಗೆ ಹಾಕಿದ ಚಪ್ಪಲಿ ಕಾಣಿಸಿತು.

"ಮಾದೇವ, ಈ ಫೋನು ಸುಳ್ ಹೇಳ್ತದೆ" ಎಂದು ನನ್ನ ಹೆಸರು ಹಿಡಿದು ಹೇಳಿದರು. ಗಂಜಿ ಸೀರೆ ಅಂದು ಮುದುಡಿತ್ತು.

ನಡೆದದ್ದು ಇಷ್ಟು. ಬೆಳಿಗ್ಗೆ ಎದ್ದವರೇ ಸಿಹಿ ಸುದ್ದಿ ಹೇಳಲು ವಾಣಿಯ ಮನೆಗೆ ಹೋಗಿದ್ದಾರೆ. ಅವಳು ಕೆಲಸಕ್ಕೆ ಹೊರಡುತ್ತಿದ್ದವಳು, ನನ್ನ ಫೋಟೋ ನಾನೂ ನೋಡುತ್ತೇನೆ ಎಂದು ಕೈ ಚಾಚಿದ್ದಾಳೆ. ನೋಡಿ, ಫೋನು ವಾಪಸ್ ಕೊಟ್ಟು, "ಆಂಟಿ, ಇದು ನನ್ನ ತಂಗಿ ತರ ಇದೆ. ನಂಗೆ ತಂಗಿ ಇಲ್ಲ" ಎಂದಿದ್ದಾಳೆ. ಇನ್ನೂ ಒಂದು ಮಾತು ಹೇಳಿದ್ದಾಳೆ: "ಇವಳನ್ನ ನೋಡೋಕೆ ಬರೋರ ಮುಂದೆ ನಾನ್ಯಾಕೆ ಕೂತ್ಕೊಳ್ಳಲಿ?"

ಫೋನು ತೆಗೆದುಕೊಂಡು ನೋಡಿದೆ. ಚಿತ್ರದಲ್ಲಿದ್ದ ಹುಡುಗಿಯ ಕೆನ್ನೆ ಈಗತಾನೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಕ್ಯಾಮೆರಾದಲ್ಲಿ ಬ್ಯೂಟಿ ಎಂದು ಒಂದು ಏರ್ಪಾಡು ಇರುತ್ತದೆ. ಮುಖದ ಗುಳಿ, ಕಲೆ, ಸುಕ್ಕು ಎಲ್ಲ ಸವರಿ ನುಣ್ಣಗೆ ಮಾಡುತ್ತದೆ. ಹಿಂದಿನ ಒಡೆಯನ ಗುರುತನ್ನೆಲ್ಲ ಒರೆಸಿಯೇ ನಾನು ಮಾರುವುದು. ಒರೆಸಿದರೆ ಫೋನು ಹುಟ್ಟಿದಾಗಿನ ಸ್ಥಿತಿಗೆ ಹೋಗುತ್ತದೆ, ಇದು ಹುಟ್ಟಿದ್ದೇ ಬ್ಯೂಟಿ ಬಳಿದುಕೊಂಡು. ಹೀಗೆಂದು ವಿವರಿಸಿದೆ. ಇದೊಂದು ಗುಣ, ಜನ ಇದಕ್ಕಾಗಿಯೇ ಕೇಳಿ ಕೊಳ್ಳುತ್ತಾರೆ ಎಂದೂ ಸೇರಿಸಿದೆ.

"ನಿಮಗೆ ಗೊತ್ತಾಗ್ಲಿಲ್ವಾ ಅಮ್ಮ? ತೆಗೆದೋರು ನೀವೇ, ತೋರಿಸಿದೋರು ನೀವೇ."

ಅವರು ಸ್ಟೂಲಿನ ಮೇಲೆ ಕೂತರು. "ನಾನು ಫೋಟೋನ ಯಾವತ್ತಪ್ಪ ನೋಡಿದೀನಿ? ಹುಡುಗೀನ ನೋಡ್ತೀನಿ, ನೋಡೋರ್ನ ನೋಡ್ತೀನಿ. ಮಧ್ಯ ಇರೋದನ್ನ ನೋಡೋ ಅಭ್ಯಾಸಾನೇ ಇಲ್ಲ."

ಇಂಥ ತಪ್ಪು ಬೇರೆ ಯಾರಿಗೂ ಮಾಡಲು ಬರುವುದಿಲ್ಲ ಎನಿಸಿತು. ಅವರ ಮುಖ ನೋಡಿದರೆ ಅದನ್ನು ಹೇಳುವ ಹಾಗಿರಲಿಲ್ಲ. ಬದಲಿಗೆ ವ್ಯಾಪಾರದ ಬುದ್ಧಿ ಹೇಳಿದೆ. ಬಿಟ್ಟುಬಿಡಿ, ಭಾನುವಾರ ಬರಲಿ. ಊರಲ್ಲಿ ಎಲ್ಲರೂ ಕಳಿಸುವುದು ಇಂಥ ಫೋಟೋಗಳನ್ನೇ. ಬಂದಮೇಲೆ ಕೇಸರಿಬಾತು ತಿನ್ನುತ್ತಾರೆ, ಹುಡುಗಿ ಮಾತಾಡುತ್ತಾಳೆ, ಅರ್ಧ ಗಂಟೆಯಲ್ಲಿ ಕಲೆ ಕಣ್ಣಿಗೆ ಹೊಂದಿಕೊಳ್ಳುತ್ತದೆ.

"ಇಲ್ಲ ಕಣೋ" ಎಂದರು ಪಂಕಜಮ್ಮ. "ಆ ಫೋಟೋ ನೋಡ್ಕೊಂಡು ಬಂದೋರು ಹುಡುಗೀನ ನೋಡಲ್ಲ. ಗುಳಿ ಎಣಿಸ್ತಾರೆ."

ಭಾನುವಾರಕ್ಕೆ ಮೊದಲು ತಾವೇ ಹೋಗಿ ನಿಜವಾದ ಮುಖ ತೋರಿಸಬೇಕು ಎಂದು ಹಟ ಹಿಡಿದರು. ಬ್ಯೂಟಿಯನ್ನು ಪೂರ್ತಿ ಇಳಿಸಿಕೊಟ್ಟೆ. ಪರೀಕ್ಷೆಗೆಂದು ನನ್ನದೇ ಒಂದು ಫೋಟೋ ತೆಗೆದು, ಈ ಸಲ ಮಾತ್ರ ಕಣ್ಣಿಗೆ ಹತ್ತಿರ ಹಿಡಿದು ತಾವೇ ನೋಡಿದರು. ನನ್ನ ಕಣ್ಣ ಕೆಳಗಿನ ಚೀಲಗಳು, ಮೂಗಿನ ಪಕ್ಕದ ಗೆರೆ ಒಂದೂ ಬಿಡದೆ ಬಂದಿತ್ತು. "ಹೂಂ, ಈಗ ನಿಜ ಹೇಳ್ತದೆ" ಎಂದರು. ಅಲ್ಲಿಂದ ನೇರ ಲ್ಯಾಬಿಗೆ ಹೋಗಿ, ವಾಣಿಯನ್ನು ಬಾಗಿಲಾಚೆ ಕರೆದು, ಅವಳ ಬಿಳಿ ಕೋಟಿನಲ್ಲೇ ಇನ್ನೊಂದು ಫೋಟೋ ತೆಗೆದುಕೊಂಡು ಬಂದರು. ಈ ಫೋಟೋ ತೋರಿಸಿದರೆ ಬರುವವರು ಬರಲಿ ಎಂದು ಅವಳೂ ಒಪ್ಪಿದ್ದಳು.

ನನಗೂ ಅಂದು ಕುವೆಂಪುನಗರದ ಒಂದು ಮನೆಯಿಂದ ಹಳೇ ಫೋನು ತರುವುದಿತ್ತು. ಪಂಕಜಮ್ಮ ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ರವಿಕೆ ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗೇಟಿನ ಮುಂದೆ ಇಳಿಸಿ ಹೊರಡಲು ನೋಡಿದೆ. "ನೀನೂ ಬಾ. ಫೋನಿನ ಕಡೆಯಿಂದ ಒಬ್ರು ಇರ್ಬೇಕು" ಎಂದರು.

ಸುಂದರಮ್ಮ ನಗುನಗುತ್ತಾ ಬಂದು ಕೂರಿಸಿದರು. ಭಾನುವಾರಕ್ಕೆ ಕಾರು ಹೇಳಿಯಾಗಿದೆ, ನಾದಿನಿಯೂ ಬರುತ್ತಾಳೆ ಎಂದರು. ಸೋಫಾದ ಮೂಲೆಯಲ್ಲಿ ಅವರ ಅತ್ತೆ, ಊಟಕ್ಕೆ ಮನೆಗೆ ಬಂದಿದ್ದ ಯೋಗೇಂದ್ರ ಬಾಗಿಲ ಹತ್ತಿರ. ಕಾಫಿ ಬಂತು. ಪಂಕಜಮ್ಮ ಲೋಟ ಮುಟ್ಟಲಿಲ್ಲ.

"ಕಾಫಿ ಇರ್ಲಿ. ಮೊದ್ಲು ಇದನ್ನ ನೋಡ್ಬುಡಿ" ಎಂದು ಫೋನು ಕೊಟ್ಟರು. "ನಾನು ಅವತ್ತು ತೋರಿಸಿದ್ದು ಫೋನು ಮಾಡಿದ ಮುಖ. ಇದು ಹುಡುಗಿ ಮುಖ. ನಿಮ್ಮನ್ನ ನೋಡ್ತಾ ಕೂತು ನಾನು ಅದನ್ನ ನೋಡ್ಲಿಲ್ಲ, ತಪ್ಪು ನಂದು. ಇವಳನ್ನ ನೋಡೋಕ್ ಬರೋದಾದ್ರೆ ಬನ್ನಿ."

ದೊಡ್ಡ ಪರದೆಯಲ್ಲಿ ಯಾವುದೂ ಕಾಣಲಿಲ್ಲ ಎನ್ನುವ ಹಾಗಿರುವುದಿಲ್ಲ. ಸುಂದರಮ್ಮನ ನಗು ನಿಂತಿತು. ಇದನ್ನೇ ಮೊದಲು ತೋರಿಸಿದ್ದರೆ ಎಂದು ಶುರುಮಾಡಿ, ಅಲ್ಲಿಗೇ ಬಿಟ್ಟು, ಫೋನನ್ನು ಅತ್ತೆಯ ಕೈಗೆ ಹಾಕಿದರು. ಅಜ್ಜಿ ಎರಡು ಬೆರಳಿಂದ ಚಿತ್ರವನ್ನು ಎಳೆದು ಎಳೆದು ದೊಡ್ಡದು ಮಾಡಿದರು. "ಅಮ್ಮ ಬಂದು ಹೋಗವ್ಳೆ" ಎಂದರು. ಇನ್ನೂ ಸ್ವಲ್ಪ ಸರಿಸಿ, "ಹಲ್ಲು ಚೆನ್ನಾಗೈತೆ" ಎಂದು ಮೊಮ್ಮಗನಿಗೆ ದಾಟಿಸಿದರು.

ಸುಂದರಮ್ಮ ಪಂಕಜಮ್ಮನ ಕಡೆ ತಿರುಗಿ ಮಾತಾಡತೊಡಗಿದರು. ಕೋಪವಿಲ್ಲ, ಆದರೆ ಒಬ್ಬನೇ ಮಗ, ನಾಲ್ಕು ಜನ ನೋಡುತ್ತಾರೆ, ನಾದಿನಿಗೆ ಬೇರೆ ಹೇಳಿದ್ದೇವೆ ಎಂದೆಲ್ಲ ಸುತ್ತಿ ಬಂದು, "ಭಾನುವಾರ ಬೇಡ ಬಿಡಿ ಪಂಕಜಮ್ಮ" ಎಂದರು. ಅಷ್ಟು ಹೊತ್ತೂ ಯೋಗೇಂದ್ರ ಫೋನು ಹಿಡಿದು ನಿಂತೇ ಇದ್ದ. ಪರದೆ ತಾನಾಗಿ ಕಪ್ಪಾಯಿತು. ಅವನು ಬೆರಳು ತಾಗಿಸಿ ಎಬ್ಬಿಸಿದ. ಮತ್ತೆ ಕಪ್ಪಾಯಿತು, ಮತ್ತೆ ಎಬ್ಬಿಸಿದ. ಪರದೆ ಆರುವ ಸಮಯವನ್ನು ಇನ್ನಷ್ಟು ಉದ್ದ ಇಟ್ಟುಕೊಡಬೇಕಿತ್ತು ಎಂದು ಅಂಗಡಿಯವನ ಯೋಚನೆ ಮಾಡಿದೆ.

ಗೇಟಿನ ಹೊರಗೆ ಬಂದು ಸಮಾಧಾನ ಹೇಳಹೊರಟೆ. ಪಂಕಜಮ್ಮ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು.

"ಹುಡುಗ ಎಷ್ಟು ಸಲ ಎಬ್ಬಿಸ್ದ?" ಎಂದರು.

"ಎರಡು ಸಲ."

"ಮೂರು. ಒಂದ್ಸಲ ನೀನು ಕಾಫಿ ಕುಡೀತಿದ್ದೆ."

ಭಾನುವಾರ ಯಾರೂ ಬರಲಿಲ್ಲ. ವಾಣಿಯ ಅಪ್ಪನಿಗೆ ಪಂಕಜಮ್ಮ ಇದ್ದದ್ದು ಇದ್ದ ಹಾಗೆ ಹೇಳಿದ್ದರು. ಸುಂದರಮ್ಮನ ಮನೆಯ ಕಥೆ ಕುವೆಂಪುನಗರದಲ್ಲಿ ಅಲ್ಲಲ್ಲಿ ಹಬ್ಬಿ, ಇನ್ನೊಂದು ಮನೆಯಲ್ಲಿ ಇವರು ಫೋನು ಕೊಟ್ಟಾಗ, ಇದು ಹುಡುಗಿಯ ಮುಖವೋ ಫೋನಿನ ಮುಖವೋ ಎಂದು ಕೇಳಿ ನಕ್ಕರಂತೆ. ಅದನ್ನು ನನಗೆ ಹೇಳುವಾಗ ಅವರು ನಗಲಿಲ್ಲ. ಫೋನು ವಾಪಸ್ ತೆಗೆದುಕೊಂಡು ಬೇರೆ ಕೊಡಲೇ ಎಂದೆ. ಬೇಡವೆಂದರು. ಇದಕ್ಕೆ ಬುದ್ಧಿ ಬಂದಿದೆ, ಹೊಸದಕ್ಕೆ ಮೊದಲಿಂದ ಕಲಿಸಬೇಕು ಎಂದರು. ಆದರೆ ಅಂದು ಫೋನಿಗೊಂದು ಕವರು ಕೊಂಡು, ಅದರ ಮೇಲೆ ಚೌಕಾಸಿ ಮಾಡದೆ ಹೋದರು. ಅದು ನನಗೆ ಹಿಡಿಸಲಿಲ್ಲ.

ಕೆಲವು ದಿನಗಳ ಮೇಲೆ ಅಂಗಡಿಗೆ ಒಬ್ಬ ಬಂದ. ಚಪ್ಪಲಿಯ ಮೇಲೆ ಆಯಿಲ್ ಕಲೆ, ಉಗುರಿನ ಸಂದಿಯಲ್ಲಿ ಗ್ರೀಸು, ಕೈಯಲ್ಲಿ ಒಂದು ಗೀರೂ ಇಲ್ಲದ ಹೊಸ ಫೋನು. ಇಂಥವನಿಗೆ ನನ್ನ ಅಂಗಡಿಯಲ್ಲಿ ಏನೂ ಕೆಲಸವಿಲ್ಲ. ಮುಖ ನೋಡಿದೆ, ಯೋಗೇಂದ್ರ. ಕವರುಗಳನ್ನು ಒಂದೊಂದಾಗಿ ತಿರುವಿ ಹಾಕಿದ. ಅವನ ಫೋನಿಗೆ ಆಗದ ಅಳತೆಯದನ್ನೂ ತಿರುವಿದ. ಕೊನೆಗೆ ಕೇಳಿದ: "ಆ ಎರಡನೇ ಫೋಟೋ ಇನ್ನೊಂದ್ಸಲ ನೋಡ್ಬೋದಾ ಅಣ್ಣಾ?"

ನನ್ನ ಹತ್ತಿರ ಇಲ್ಲ, ಅವರು ಕಳಿಸುವವರೂ ಅಲ್ಲ, ತಾವೇ ಬಂದು ತೋರಿಸುತ್ತಾರೆ ಎಂದೆ. ಕಾಯುತ್ತೇನೆ ಎಂದ. ಪಂಕಜಮ್ಮನಿಗೆ ಫೋನು ಮಾಡಿದೆ. ಅವರ ಮನೆಯೂ ಅದೇ ಒಂಟಿಕೊಪ್ಪಲು, ಎರಡು ಬೀದಿ ಆಚೆ. ಆದರೂ ಸೀರೆ ಬದಲಾಯಿಸಿ ನಿಧಾನವಾಗಿಯೇ ಬಂದರು. ಅವನ ಕೈಗೆ ಫೋನು ಕೊಟ್ಟು ಎದುರಿಗೆ ಕೂತರು. ನಾನೂ ನೋಡಿದೆ, ಪರದೆಯನ್ನಲ್ಲ.

"ಮೊದಲ್ನೇದನ್ನ ನೋಡಿ ಹುಡುಗಿ ಏನಂದ್ರು?" ಎಂದು ಕೇಳಿದ. ತಂಗಿಯ ಮಾತು, ಇವಳನ್ನು ನೋಡಲು ಬರುವವರ ಮುಂದೆ ನಾನ್ಯಾಕೆ ಕೂರಲಿ ಎಂಬ ಮಾತು, ಎರಡನ್ನೂ ಪಂಕಜಮ್ಮ ಹಾಗೇ ಒಪ್ಪಿಸಿದರು. ಯೋಗೇಂದ್ರ ತಲೆ ಎತ್ತದೆಯೇ ನಕ್ಕ.

"ಹಂಗಾದ್ರೆ ಈ ಎರಡನೇವ್ರನ್ನ ನೋಡೋಕೆ ಬರ್ತೀನಿ ಅಂತ ಹೇಳಿ. ನಮ್ಮಮ್ಮನ್ನ ನಾನು ಒಪ್ಪಿಸ್ತೀನಿ."

"ನೀನೇನೂ ಒಪ್ಪಿಸ್ಬೇಡ ಕಣಪ್ಪ. ಗಂಡು ಜಗಳ ಆಡಿ ಒಪ್ಪಿಸಿದ್ರೆ ಆ ಜಗಳ ಸೊಸೆ ಹೆಸರಿಗೆ ಹೋಗ್ತದೆ. ನಿಮ್ಮಜ್ಜಿಗೆ ಹಲ್ಲು ಒಪ್ಪಿಗೆ ಆಗೈತಲ್ಲ, ಅಲ್ಲಿಂದ ನಾನು ನೋಡ್ಕೋತೀನಿ" ಎಂದರು ಪಂಕಜಮ್ಮ.

ಅಜ್ಜಿಯ ಜೊತೆ ಅವರು ಏನು ಮಾತಾಡಿದರೋ ನನಗೆ ತಿಳಿಯದು. ಹೋಗುವಾಗ ಇಲ್ಲಿ ಕೂತ ಬೆಟ್ಟಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಹೋದದ್ದು ಮಾತ್ರ ಗೊತ್ತು. ಸುಂದರಮ್ಮ ಬಿಗಿದ ಮುಖ ಹೊತ್ತುಕೊಂಡೇ ಕುಂಬಾರಕೊಪ್ಪಲಿಗೆ ಬಂದರಂತೆ. ಆದರೆ ಬಾಗಿಲಲ್ಲಿ ಅದು ಇನ್ನೂ ಸಣ್ಣದಾಗಲಿಲ್ಲ, ಯಾಕೆಂದರೆ ಅಲ್ಲಿ ಹೊಸದಾಗಿ ಕಾಣುವಂಥದ್ದು ಏನೂ ಇರಲಿಲ್ಲ. ಕಲೆಯನ್ನು ಅವರು ತಮ್ಮ ಸೋಫಾದ ಮೇಲೆಯೇ ನೋಡಿ ಮುಗಿಸಿದ್ದರು. ಹಾಗಾಗಿ ಬೇರೆ ಮಾತಿಗೆ ಪುರುಸೊತ್ತಾಯಿತು. ತಮಗೆ ಸಕ್ಕರೆ ಕಾಯಿಲೆ, ಲ್ಯಾಬಿನವರು ನರ ಸಿಗದೆ ಪ್ರತಿ ಸಲ ಎರಡು ಮೂರು ಕಡೆ ಚುಚ್ಚುತ್ತಾರೆ ಎಂದು ದೂರಿದರಂತೆ. ವಾಣಿ ಅವರ ತೋಳು ತಿರುಗಿಸಿ ನೋಡಿ, "ನೀವು ಬೆಳಿಗ್ಗೆ ನೀರೇ ಕುಡಿಯಲ್ಲ ಅಲ್ವಾ ಆಂಟಿ?" ಎಂದು ಕೇಳಿದಳಂತೆ. ಅಲ್ಲಿಂದ ಮುಂದೆ ಇಬ್ಬರೂ ಕಾಯಿಲೆಗಳ ಬಗ್ಗೆಯೇ ಮಾತಾಡಿದರು, ಗಂಡು ಒಂದು ಕಡೆ ಕೂತು ಕೇಸರಿಬಾತು ಖಾಲಿ ಮಾಡಿದ ಎಂಬುದು ಪಂಕಜಮ್ಮನವರ ವರದಿ.

ಈಗ ಪಂಕಜಮ್ಮನವರ ಕೈಚೀಲ ಬದಲಾಗಿದೆ, ಅದರ ಮೇಲೆ ಇರುವುದು ವಾಣಿ ಮತ್ತು ಯೋಗೇಂದ್ರರ ಹೆಸರು. ಚಪ್ಪಲಿ ಅದೇ. ಕುವೆಂಪುನಗರದಲ್ಲಿ ಈಗ ಜನ ಕೇಳುವುದು ಬೇರೆ: ಫೋನು ತೋರಿಸಿ ಆಮೇಲೆ ಬಂದು ಕಲೆಯನ್ನೂ ತೋರಿಸಿ ಹೋದರಂತಲ್ಲ, ಆ ಪಂಕಜಮ್ಮ ನೀವೇನಾ? ಹೌದು ಎನ್ನುತ್ತಾರೆ, ಕಾಫಿ ಕುಡಿಯುತ್ತಾರೆ. ನನ್ನ ಅಂಗಡಿಗೆ ಬಂದರೆ ಕವರಿನ ಮೇಲೆ ಮೊದಲಿನಂತೆ ಚೌಕಾಸಿ ಮಾಡುತ್ತಾರೆ. ನನಗೂ ನೆಮ್ಮದಿ.

ನಾನು ಈಗ ಫೋನನ್ನು ಬೆನ್ನು ಮೇಲೆ ಮಾಡಿ ಇಡುತ್ತೇನೆ. ಗೀರು ಇಲ್ಲಿದೆ ನೋಡಿ ಎಂದು ಮೊದಲೇ ಬೆರಳಿಟ್ಟು ತೋರಿಸಿ, ಗಿರಾಕಿಯ ಮುಖ ನೋಡುತ್ತೇನೆ. ಎದ್ದು ಹೋಗುವವರು ಹೋಗುತ್ತಾರೆ, ಕೊಂಡವರು ಮತ್ತೆ ಜಗಳಕ್ಕೆ ಬರುವುದಿಲ್ಲ. ಇದನ್ನು ನಾನು ಕಲಿತದ್ದು ಪಂಕಜಮ್ಮನವರಿಂದ, ಇದರ ಋಣ ಅವರದು.